ಕನೌಜ್‌ಗೆ ಹೋಗುವವರು ಹೂವಿನ ಕಾಲ ನೋಡಿ ಹೊರಡಿ

ಉತ್ತರ ಪ್ರದೇಶದ ಕನೌಜ್‌ಗೆ ಹೋಗಬೇಕೆಂದಿರುವವರು ರಜೆಯ ಪಟ್ಟಿ ನೋಡುವ ಮೊದಲು ಯಾವ ಹೂವು ಯಾವ ತಿಂಗಳಲ್ಲಿ ಬರುತ್ತದೆ ಎಂದು ನೋಡಿಕೊಳ್ಳಿ. ಈ ಊರಿನಲ್ಲಿ ಇವತ್ತಿಗೂ ಜೀವ ಇಟ್ಟುಕೊಂಡಿರುವ ಪುರಾತನ ವಸ್ತು ಕೋಟೆಯೂ ಅಲ್ಲ, ಅರಮನೆಯೂ ಅಲ್ಲ, ಅತ್ತರಿನ ಭಟ್ಟಿ. ಹೂವಿಲ್ಲದ ಹೊತ್ತಿನಲ್ಲಿ ಹೋದರೆ ದಿಬ್ಬ, ಧೂಳು, ಆಲೂಗಡ್ಡೆ ತುಂಬಿದ ಟ್ರ್ಯಾಕ್ಟರ್ ಇಷ್ಟನ್ನೇ ನೋಡಿ ವಾಪಸಾಗಬೇಕಾಗುತ್ತದೆ. ಗುಲಾಬಿಯ ಕಾಲದಲ್ಲಿ ಹೋದರೆ, ಸಾವಿರ ವರ್ಷಗಳ ಹಿಂದೆ ಕರ್ನಾಟಕದ ಅರಸರು ಸೇನೆ ಕಟ್ಟಿಕೊಂಡು ಯಾವ ಊರಿಗಾಗಿ ಯಮುನೆ ದಾಟಿದರೋ ಆ ಊರಿಗೆ ಬಂದಿದ್ದೇವೆ ಎನ್ನುವುದು ಮೂಗಿಗೇ ಗೊತ್ತಾಗುತ್ತದೆ.

ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಗುಲಾಬಿ. ಚೈತ್ರ ಮಾಸದ ಸುಮಾರಿಗೆ ಅರಳುವುದರಿಂದ ಅಲ್ಲಿಯವರು ಇದನ್ನು ಚೈತಿ ಗುಲಾಬ್ ಎನ್ನುತ್ತಾರೆ. ಅದಾದ ಮೇಲೆ ಬೇಲಾ, ಅಂದರೆ ನಮ್ಮ ದುಂಡುಮಲ್ಲಿಗೆ, ಬೇಸಿಗೆಯುದ್ದಕ್ಕೂ ಬರುತ್ತದೆ. ಆದರೆ ಮೇ ಜೂನ್‌ನಲ್ಲಿ ಗಂಗಾ ಬಯಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಬಿಸಿಗಾಳಿ ಬೀಸುತ್ತದೆ. ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಆಗ ಹೋಗಬೇಡಿ. ಡಿಸೆಂಬರ್ ಜನವರಿಯಲ್ಲಿ ಚಳಿಗಿಂತ ಮಂಜಿನ ಕಾಟ ಹೆಚ್ಚು. ರೈಲು ಎಷ್ಟು ಗಂಟೆ ತಡವಾಗುತ್ತದೆ ಎಂದು ಯಾರೂ ಹೇಳಲಾರರು, ಬೆಳಗಿನ ವಿಮಾನಗಳೂ ತಡವಾಗುತ್ತವೆ. ಎಲ್ಲ ಲೆಕ್ಕ ಹಾಕಿದರೆ ಮಾರ್ಚ್ ತಿಂಗಳೇ ಸರಿ. ಹೋಳಿ ಹಬ್ಬ ಯಾವಾಗ ಎಂದು ಮಾತ್ರ ನೋಡಿಕೊಳ್ಳಿ. ಹೋಳಿಯ ಹಿಂದುಮುಂದಿನ ಎರಡು ಮೂರು ದಿನ ಕೆಲಸದವರು ಊರಿಗೆ ಹೋಗಿರುತ್ತಾರೆ, ಭಟ್ಟಿಗಳು ತಣ್ಣಗಿರುತ್ತವೆ, ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಬೆಂಗಳೂರಿನಿಂದ ಲಖನೌಗೆ ನೇರ ವಿಮಾನವಿದೆ, ಮೂರು ಗಂಟೆಯೊಳಗೆ ಇಳಿಯಬಹುದು. ಅಲ್ಲಿಂದ ಕನೌಜ್ ಸುಮಾರು 130 ಕಿಲೋಮೀಟರ್. 2016ರಲ್ಲಿ ತೆರೆದ ಆಗ್ರಾ–ಲಖನೌ ಎಕ್ಸ್‌ಪ್ರೆಸ್‌ವೇ ಇದೇ ಜಿಲ್ಲೆಯ ಮೂಲಕ ಹಾದುಹೋಗುವುದರಿಂದ ಟ್ಯಾಕ್ಸಿಯಲ್ಲಿ ಎರಡು–ಎರಡೂವರೆ ಗಂಟೆ ಸಾಕು. ರೈಲಿನಲ್ಲೇ ಹೋಗಬೇಕೆನ್ನುವವರಿಗೆ ಯಶವಂತಪುರದಿಂದ ಗೋರಖ್‌ಪುರಕ್ಕೆ ಹೋಗುವ ಗಾಡಿ ಕಾನ್ಪುರದ ಮೇಲೆ ಹಾದುಹೋಗುತ್ತದೆ. ಕಾನ್ಪುರದಿಂದ ಕನೌಜ್ 80 ಕಿಲೋಮೀಟರ್. ಹಳೆಯ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ರೋಡ್‌ವೇಸ್ ಬಸ್ಸುಗಳು ಓಡಾಡುತ್ತವೆ, ಫರೂಖಾಬಾದ್ ಕಡೆಗೆ ಹೋಗುವ ರೈಲುಗಳು ಕನೌಜ್‌ನಲ್ಲಿ ನಿಲ್ಲುತ್ತವೆ. ಅವಸರವಿಲ್ಲದವರಿಗೆ ನಾನು ಹೇಳುವುದು ಜಿ.ಟಿ. ರಸ್ತೆಯನ್ನೇ. ಎಕ್ಸ್‌ಪ್ರೆಸ್‌ವೇಯಲ್ಲಿ ಊರುಗಳೇ ಕಾಣಿಸುವುದಿಲ್ಲ. ಈ ರಸ್ತೆಯಲ್ಲಿ ಮಂಧನಾ, ಬಿಲ್ಹೌರ್ ದಾಟುತ್ತಾ ಹೋಗುವಾಗ ಆಲೂಗಡ್ಡೆ ಹೊಲಗಳು, ಊರೂರಿಗೆ ಒಂದು ಕೋಲ್ಡ್ ಸ್ಟೋರೇಜ್, ಇಟ್ಟಿಗೆ ಗೂಡಿನ ಹೊಗೆ ಎಲ್ಲ ಕಾಣಿಸಿ, ಈ ನೆಲದ ಇಂದಿನ ಬದುಕು ಯಾವುದರ ಮೇಲೆ ನಿಂತಿದೆ ಎಂದು ತಿಳಿಯುತ್ತದೆ.

ಕನೌಜ್‌ನಲ್ಲೇ ಉಳಿಯಲು ಸಾಧಾರಣ ಹೋಟೆಲುಗಳಿವೆ, ಸ್ವಚ್ಛತೆ ನೋಡಿಯೇ ದುಡ್ಡು ಕೊಡಿ. ಸೌಕರ್ಯ ಬೇಕೆನ್ನುವವರು ಕಾನ್ಪುರದಲ್ಲಿ ರೂಮು ಮಾಡಿ ಬೆಳಗ್ಗೆ ಬಂದು ರಾತ್ರಿ ಹಿಂತಿರುಗಬಹುದು. ಆದರೂ ಒಂದು ರಾತ್ರಿಯಾದರೂ ಕನೌಜ್‌ನಲ್ಲೇ ಇರಿ ಎನ್ನುತ್ತೇನೆ. ಹೂವು ಭಟ್ಟಿಗೆ ಬರುವುದು ಬೆಳಗಿನ ಜಾವ. ಬಿಸಿಲೇರಿದರೆ ದಳದಲ್ಲಿನ ಕಂಪು ಹಾರಿಹೋಗುತ್ತದೆ ಎಂದು ರೈತರು ಕತ್ತಲಲ್ಲೇ ಕೊಯ್ದು, ಮೂಟೆ ಕಟ್ಟಿ, ಸೈಕಲ್ಲಿಗೋ ಮೋಟಾರ್ ಬೈಕಿಗೋ ಹೇರಿ ತರುತ್ತಾರೆ. ಕಾನ್ಪುರದಿಂದ ತಿಂಡಿ ತಿಂದು ಹೊರಟು ಬರುವಷ್ಟರಲ್ಲಿ ಹೂವೆಲ್ಲ ಹಂಡೆಯೊಳಗೆ ಸೇರಿ ಮುಚ್ಚಳ ಬಿದ್ದಿರುತ್ತದೆ.

ಊರು ನೋಡುವ ಮೊದಲು ಒಂದಿಷ್ಟು ಓದಿಕೊಂಡು ಹೋಗಿ. ಕನೌಜ್‌ನ ವಿಷಯದಲ್ಲಿ ಇದು ತಪ್ಪಿಸಬಾರದ ಸಿದ್ಧತೆ, ಏಕೆಂದರೆ ಇಲ್ಲಿ ಓದದವರಿಗೆ ಕಾಣುವುದು ಬಹಳ ಕಡಿಮೆ. ಕನ್ಯಾಕುಬ್ಜ, ಮಹೋದಯ ಎಂದೆಲ್ಲ ಹಳೆಯ ಗ್ರಂಥಗಳು ಕರೆಯುವುದು ಈ ಊರನ್ನೇ. ಐದನೆಯ ಶತಮಾನದ ಆರಂಭದಲ್ಲಿ ಚೀನಾದ ಫಾಹಿಯಾನ್ ಬಂದಾಗ ಇಲ್ಲಿ ಎರಡು ಬೌದ್ಧ ವಿಹಾರಗಳನ್ನಷ್ಟೇ ಕಂಡ. ಎರಡು ಶತಮಾನ ಕಳೆದು ಹ್ಯೂಯೆನ್ ತ್ಸಾಂಗ್ ಬರುವ ಹೊತ್ತಿಗೆ ನೂರು ವಿಹಾರಗಳು, ಹತ್ತು ಸಾವಿರ ಭಿಕ್ಷುಗಳು, ಇನ್ನೂರು ದೇವಾಲಯಗಳು, ಕಂದಕ, ಎತ್ತರದ ಗೋಪುರಗಳು, ಕನ್ನಡಿಯಂತೆ ಹೊಳೆಯುವ ಕೊಳಗಳು. ಈ ಎರಡು ಬರಹಗಳ ನಡುವೆ ಆದದ್ದೇನೆಂದರೆ ಗುಪ್ತರ ಪಾಟಲಿಪುತ್ರ ಇಳಿಮುಖವಾಗಿ ಉತ್ತರದ ಅಧಿಕಾರ ಪಶ್ಚಿಮಕ್ಕೆ ಸರಿಯಿತು. ಮೌಖರಿ ವಂಶದ ಗ್ರಹವರ್ಮ ಇಲ್ಲಿ ಆಳುತ್ತಿದ್ದ. ಅವನ ಹೆಂಡತಿ ರಾಜ್ಯಶ್ರೀ ಥಾನೇಸರದ ಅರಸುಮಗಳು. ಗ್ರಹವರ್ಮ ಶತ್ರುಗಳ ಕೈಯಲ್ಲಿ ಸತ್ತ, ರಾಜ್ಯಶ್ರೀಯ ಅಣ್ಣ ರಾಜ್ಯವರ್ಧನನೂ ಕೊಲೆಯಾದ. 606ರಲ್ಲಿ ಕಿರಿಯವನಾದ ಹರ್ಷ ಪಟ್ಟಕ್ಕೆ ಬಂದ. ಮುಂದೆ ಅವನ ರಾಜಧಾನಿ ಥಾನೇಸರದಿಂದ ಕನೌಜ್‌ಗೆ ಬಂತು. 647ರಲ್ಲಿ ಅವನು ಸಾಯುವವರೆಗೂ ಉತ್ತರ ಭಾರತದ ನಡುಮನೆ ಇದೇ.

ನಮಗೆ ಈ ಕಾಲದೊಡನೆ ನೇರ ನಂಟಿದೆ. ಐಹೊಳೆಯ ಮೇಗುಟಿ ಗುಡಿಯ ಗೋಡೆಯಲ್ಲಿ 634ರ ರವಿಕೀರ್ತಿಯ ಶಾಸನ ಇದೆಯಲ್ಲ, ಇಮ್ಮಡಿ ಪುಲಿಕೇಶಿಯ ಎದುರು ಹರ್ಷನ ಆನೆಪಡೆ ಉರುಳಿದ್ದನ್ನೂ ಹರ್ಷ ಭಯಗೊಂಡದ್ದನ್ನೂ ಅದು ಹೇಳುತ್ತದೆ. ಅದೇ ಹ್ಯೂಯೆನ್ ತ್ಸಾಂಗ್ ಪುಲಿಕೇಶಿಯ ನಾಡಿಗೂ ಬಂದು, ಹರ್ಷನಿಗೆ ಇವರನ್ನು ಮಾತ್ರ ಗೆಲ್ಲಲಾಗಲಿಲ್ಲ ಎಂದು ಬರೆದಿಟ್ಟಿದ್ದಾನೆ. ಗೆದ್ದವರ ಕಡೆಯ ಮಾತಿಗೆ ಹೊರಗಿನವನೊಬ್ಬನ ಸಾಕ್ಷಿ ಸಿಗುವುದು ನಮ್ಮ ಇತಿಹಾಸದಲ್ಲಿ ಅಪರೂಪ. ಐಹೊಳೆ ನೋಡಿದವರು ಕನೌಜ್ ನೋಡಿದರೆ, ಆ ಶಾಸನದ ಇನ್ನೊಂದು ತುದಿಯಲ್ಲಿದ್ದ ಊರನ್ನೂ ನೋಡಿದಂತಾಗುತ್ತದೆ.

ಅದಕ್ಕಿಂತ ದೊಡ್ಡ ನಂಟು ರಾಷ್ಟ್ರಕೂಟರದು. ಹರ್ಷನ ನಂತರ ಕನೌಜ್ ಯಾರ ಕೈಯಲ್ಲಿದೆಯೋ ಅವರೇ ಉತ್ತರಾಪಥದ ಒಡೆಯರು ಎಂಬ ನಂಬಿಕೆ ಬೆಳೆಯಿತು. ಬಂಗಾಳದ ಪಾಲರು, ಪಶ್ಚಿಮದ ಪ್ರತೀಹಾರರು, ದಕ್ಷಿಣದಿಂದ ರಾಷ್ಟ್ರಕೂಟರು ಎಂಟನೆಯ ಶತಮಾನದ ಕೊನೆಯಿಂದ ಹತ್ತನೆಯ ಶತಮಾನದವರೆಗೆ ಈ ಒಂದು ಊರಿನ ಸುತ್ತ ಹೋರಾಡಿದರು. ಧ್ರುವ ಗಂಗಾ ಯಮುನೆಗಳ ನಡುವಿನ ನಾಡಿಗೆ ನುಗ್ಗಿ ಇಬ್ಬರನ್ನೂ ಸೋಲಿಸಿದ. ರಾಷ್ಟ್ರಕೂಟರ ಲಾಂಛನದಲ್ಲಿ ಗಂಗೆ ಯಮುನೆಯರು ಸೇರಿಕೊಂಡದ್ದು ಆ ಗೆಲುವಿನ ಗುರುತಾಗಿ. ಅವನ ಮಗ ಮೂರನೆಯ ಗೋವಿಂದನ ಮುಂದೆ ಪಾಲ ಅರಸ ಧರ್ಮಪಾಲನೂ ಅವನು ಕನೌಜ್‌ನಲ್ಲಿ ಕೂರಿಸಿದ್ದ ಚಕ್ರಾಯುಧನೂ ಶರಣಾದರು. 916ರ ಸುಮಾರಿಗೆ ಮೂರನೆಯ ಇಂದ್ರ ಊರನ್ನೇ ಹಿಡಿದ. ಅವನ ಕುದುರೆಗಳು ಯಮುನೆ ದಾಟಿದವು, ಮಹೋದಯ ನಗರ ಬೇರುಸಹಿತ ಕಿತ್ತುಹೋಯಿತು ಎಂದು ಅವನ ಮಗ ನಾಲ್ಕನೆಯ ಗೋವಿಂದನ ಖಂಭಾತ್ ತಾಮ್ರಪಟ ಹೇಳುತ್ತದೆ. ಈ ದಂಡಯಾತ್ರೆಯಲ್ಲಿ ಜೊತೆಗಿದ್ದವನು ವೇಮುಲವಾಡದ ಚಾಲುಕ್ಯ ನರಸಿಂಹ, ಪಂಪನ ಆಶ್ರಯದಾತ ಅರಿಕೇಸರಿಯ ತಂದೆ. ಪ್ರತೀಹಾರ ಮಹೀಪಾಲ ಉಣ್ಣಲೂ ಉಸಿರಾಡಲೂ ನಿಲ್ಲದೆ ಓಡಿದ್ದನ್ನೂ ನರಸಿಂಹ ಗಂಗೆಯ ಸಂಗಮದಲ್ಲಿ ಕುದುರೆ ಮೀಯಿಸಿದ್ದನ್ನೂ ಪಂಪ 941ರ ತನ್ನ ಭಾರತದಲ್ಲಿ ನೆನೆಯುತ್ತಾನೆ. ಹೊರಡುವ ಮುನ್ನ ಆ ಪದ್ಯಗಳನ್ನು ಒಮ್ಮೆ ಓದಿಕೊಳ್ಳಿ. ಇಲ್ಲಿನ ಸುಡುನೆಲದಲ್ಲಿ ನಿಂತಾಗ ಮಳಖೇಡದಿಂದ ಇಲ್ಲಿಗೆ ಕುದುರೆ, ಆನೆ, ದವಸ ಸಾಗಿಸಿಕೊಂಡು ಬರುವುದೆಂದರೆ ಎಷ್ಟು ದೊಡ್ಡ ಕೆಲಸವೆಂದು ಮೈಗೇ ಅರಿವಾಗುತ್ತದೆ. ಹೆಮ್ಮೆಯಂತೂ ಆಗುತ್ತದೆ. ಜೊತೆಗೆ, ಒಂದು ಮಹಾನಗರವನ್ನು ಹಾಳುಗೆಡವಿದವರ ಸಾಲಿನಲ್ಲಿ ನಮ್ಮವರೂ ಇದ್ದರಲ್ಲ ಎಂದು ಮನಸ್ಸು ಭಾರವೂ ಆಗುತ್ತದೆ.

ಆಮೇಲಿನದು ಇಳಿಜಾರು. 1018ರಲ್ಲಿ ಘಜ್ನಿ ಮಹಮೂದ್ ಬಂದ, ಪ್ರತೀಹಾರ ರಾಜ್ಯಪಾಲ ಊರು ಬಿಟ್ಟ. ಹತ್ತಾರು ವರ್ಷದಲ್ಲೇ ಅಲ್‌ಬಿರೂನಿ ಊರಿನ ಬಹುಭಾಗ ಹಾಳುಬಿದ್ದಿದೆ ಎಂದು ಬರೆದ. ಗಾಹಡವಾಲರ ಕಾಲದಲ್ಲಿ ಮತ್ತೆ ಚೇತರಿಸಿಕೊಂಡಿತು. 1194ರಲ್ಲಿ ಚಂದಾವರ್‌ನಲ್ಲಿ ಆ ವಂಶದ ಅರಸ ಜಯಚಂದ್ರ ಘೋರಿಗೆ ಸೋತು ಸತ್ತ. 1540ರ ಮೇ 17ರಂದು ಇದೇ ಕನೌಜ್ ಸೀಮೆಯ ಗಂಗಾ ದಂಡೆಯಲ್ಲಿ ಶೇರ್ ಶಾ ಹುಮಾಯೂನನನ್ನು ಸೋಲಿಸಿ ಹದಿನೈದು ವರ್ಷ ಹಿಂದೂಸ್ತಾನದ ಆಚೆ ಅಟ್ಟಿದ. ನಡುವೆ ಬಂದ ಇಬ್ನ್ ಬತೂತ ಮಾತ್ರ ಇಲ್ಲಿನ ಅಗ್ಗದ ಬೆಲೆ, ಹೇರಳವಾದ ಸಕ್ಕರೆಯನ್ನು ಮೆಚ್ಚಿಕೊಂಡಿದ್ದಾನೆ.

ಇಷ್ಟು ತಲೆಯಲ್ಲಿಟ್ಟುಕೊಂಡು ಹಳೆಯ ಊರಿನ ದಿಬ್ಬಗಳ ಕಡೆ ನಡೆಯಿರಿ. ಇ-ರಿಕ್ಷಾದವರಿಗೆ "ಜಾಮಾ ಮಸ್ಜಿದ್" ಎಂದರೂ "ಸೀತಾ ಕೀ ರಸೋಯಿ" ಎಂದರೂ ಒಂದೇ ಕಡೆಗೆ ಕರೆದೊಯ್ಯುತ್ತಾರೆ. ಜೌನ್‌ಪುರದ ಸುಲ್ತಾನ ಇಬ್ರಾಹಿಂ ಶಾ ಶರ್ಕಿ 1406ರಲ್ಲಿ ಕಟ್ಟಿಸಿದ ಮಸೀದಿ ಇದು. ಕಂಬಗಳೆಲ್ಲ ಹಿಂದಿನ ಗುಡಿಗಳವು. ಕಂಬದ ಮೇಲೊಂದು ಕಂಬ ನಿಲ್ಲಿಸಿ ಎತ್ತರ ಸರಿಮಾಡಿಕೊಂಡಿರುವುದನ್ನು ಹತ್ತಿರ ನಿಂತು ಗಮನಿಸಿ. ನಮಾಜಿನ ಹೊತ್ತು ಬಿಟ್ಟು ಹೋಗಿ, ಶುಕ್ರವಾರ ಮಧ್ಯಾಹ್ನವಂತೂ ಬೇಡ. ಚಪ್ಪಲಿ ಬಿಡಿ, ತಲೆಗೆ ಬಟ್ಟೆ ಇರಲಿ, ಫೋಟೋ ತೆಗೆಯುವ ಮೊದಲು ಅಲ್ಲಿರುವ ಹಿರಿಯರನ್ನು ಒಂದು ಮಾತು ಕೇಳಿ. ಎರಡು ಸಮುದಾಯಕ್ಕೂ ನೆನಪುಗಳಿರುವ ಜಾಗ, ಅಲ್ಲಿ ನಿಂತು ಜೋರು ದನಿಯಲ್ಲಿ ಇತಿಹಾಸದ ತೀರ್ಪು ಕೊಡುವುದು ಅತಿಥಿಗಳ ಕೆಲಸವಲ್ಲ. ಇನ್ನೊಂದು ದಿಬ್ಬದ ಮೇಲೆ ಮಖ್ದೂಮ್ ಜಹಾನಿಯಾ ಎಂಬ ಸೂಫಿ ಸಂತರ ಹೆಸರಿನ ದರ್ಗಾ ಇದೆ, ಹದಿನೈದನೆಯ ಶತಮಾನದ್ದು, ಅದೂ ಶರ್ಕಿಗಳ ಕಾಲದ್ದೇ. ಬಾಲಾ ಪೀರ್ ಮತ್ತು ಅವರ ಮಗನ ಜೋಡಿ ಗೋರಿಗಳು ಮೊಘಲ್ ಕಾಲದವು. ಕಲ್ಲಿನ ಕೆಲಸ ಅಚ್ಚುಕಟ್ಟಾಗಿದೆ, ಸಂಜೆಯ ಬೆಳಕಿನಲ್ಲಿ ಹೋಗಿ.

ದಿಬ್ಬಗಳನ್ನೇ ಸ್ವಲ್ಪ ನಿಧಾನವಾಗಿ ನೋಡಬೇಕು. ಊರಿನವರು ಕೆಲವನ್ನು ಜಯಚಂದನ ಕೋಟೆ ಎನ್ನುತ್ತಾರೆ. ಮಳೆ ನೀರು ಕೊರೆದ ಕಡೆ ಕಾಲಡಿಯಲ್ಲೇ ಮಡಕೆ ಚೂರು, ಅಗಲವಾದ ಹಳೆಯ ಇಟ್ಟಿಗೆ ಪದರ ಪದರವಾಗಿ ಕಾಣಿಸುತ್ತವೆ. ಒಂದು ಪದರದ ಮೇಲೆ ಇನ್ನೊಂದು ಊರು, ಅದರ ಮೇಲೆ ಮತ್ತೊಂದು. ನಮ್ಮಲ್ಲಿ ಕಲ್ಲು ಹೇರಳ, ಹಾಗಾಗಿ ಹಾಳಾದ ಊರೂ ನಿಂತೇ ಇರುತ್ತದೆ. ಗಂಗೆಯ ಮೆಕ್ಕಲು ಬಯಲಲ್ಲಿ ಕಲ್ಲಿಲ್ಲ, ಇಟ್ಟಿಗೆ ಮತ್ತು ಮಣ್ಣೇ ಎಲ್ಲ. ಊರು ಬಿದ್ದರೆ ಮುಂದಿನವರು ಇಟ್ಟಿಗೆ ಹೊತ್ತೊಯ್ಯುತ್ತಾರೆ, ಉಳಿದದ್ದು ಮಣ್ಣಾಗುತ್ತದೆ. ಕನೌಜ್ ಕಣ್ಣಿಗೆ ಬರಿದಾಗಿ ಕಾಣಲು ದಂಡಯಾತ್ರೆಗಳಷ್ಟೇ ಕಾರಣವಲ್ಲ, ಈ ನೆಲದ ಗುಣವೂ ಕಾರಣ. ದಯವಿಟ್ಟು ಒಂದು ಚೂರನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಕಾನೂನಿಗೂ ವಿರುದ್ಧ, ಊರಿಗೂ ಅನ್ಯಾಯ.

ಮಣ್ಣೊಳಗಿಂದ ಬಂದ ವಿಗ್ರಹಗಳು, ಸುಟ್ಟ ಮಣ್ಣಿನ ಗೊಂಬೆಗಳು ಊರಿನ ಸರ್ಕಾರಿ ಮ್ಯೂಸಿಯಂನಲ್ಲಿವೆ. ಪ್ರತೀಹಾರರ ಕಾಲದ ಕನೌಜ್ ಶಿಲ್ಪಿಗಳ ಕೈ ಎಂಥದ್ದೆಂದು ತಿಳಿಯಲು ಇಲ್ಲಿ ಸಿಕ್ಕಿರುವ ಕಲ್ಯಾಣಸುಂದರ ಶಿಲ್ಪ ಒಂದೇ ಸಾಕು, ಶಿವ ಪಾರ್ವತಿಯರ ಪಾಣಿಗ್ರಹಣದ್ದು. ಕಲಾ ಇತಿಹಾಸದ ಪುಸ್ತಕಗಳಲ್ಲಿ ಅದರ ಚಿತ್ರ ನೋಡಿಕೊಂಡು ಹೋದರೆ ಮ್ಯೂಸಿಯಂನಲ್ಲಿನ ಉಳಿದ ವಿಗ್ರಹಗಳನ್ನು ನೋಡುವ ಕಣ್ಣು ಬರುತ್ತದೆ. ಸರ್ಕಾರಿ ಮ್ಯೂಸಿಯಂಗಳಿಗೆ ಇಲ್ಲಿ ಸಾಮಾನ್ಯವಾಗಿ ಸೋಮವಾರ ರಜೆ, ಅದನ್ನು ನೋಡಿಕೊಂಡು ದಿನ ಹೊಂದಿಸಿ.

ಇನ್ನು ಅತ್ತರು. ಇದಕ್ಕೆ ಒಂದು ಪೂರ್ತಿ ಬೆಳಗ್ಗೆ ಮೀಸಲಿಡಿ.

ಬಡಾ ಬಜಾರ್‌ನ ಇಕ್ಕಟ್ಟು ಗಲ್ಲಿಗಳಲ್ಲಿ ಅಂಗಡಿಗಳಿವೆ. ಭಟ್ಟಿಗಳು ಹೆಚ್ಚಾಗಿ ಹಿಂದಿನ ಓಣಿಗಳಲ್ಲಿ, ಹಳೆಯ ಹವೇಲಿಗಳ ಅಂಗಳದಲ್ಲಿ, ಊರ ಹೊರವಲಯದಲ್ಲಿ. ಇವು ಪ್ರವಾಸಿಗರಿಗೆಂದು ಇಟ್ಟವಲ್ಲ, ದುಡಿಯುವ ಜಾಗ. ನೇರ ನುಗ್ಗದೆ ಮೊದಲು ಅಂಗಡಿಯಲ್ಲಿ ಕೂತು ಮಾತಾಡಿ, "ಭಾಯ್ ಸಾಹಬ್, ಕಾರ್ಖಾನೆ ನೋಡಬಹುದಾ" ಎಂದು ಕೇಳಿ. ಕರ್ನಾಟಕದಿಂದ ಬಂದಿದ್ದೇವೆ ಎಂದ ಕೂಡಲೇ ಅವರ ಮುಖ ಅರಳುತ್ತದೆ, ಏಕೆಂದರೆ ಅವರ ಪಾಲಿಗೆ ನಾವು ಮೈಸೂರಿನವರು, ಮೈಸೂರೆಂದರೆ ಗಂಧ. ನನ್ನನ್ನು ಒಳಗೆ ಕರೆದುಕೊಂಡು ಹೋದ ಹಿರಿಯರು ಮೊದಲು ಕೇಳಿದ ಪ್ರಶ್ನೆಯೇ ಗಂಧದ ಮರ ಈಗ ನಿಮ್ಮ ಕಡೆ ಬೆಳೆಯುತ್ತಾರಾ ಎಂದು. ಆ ಪ್ರಶ್ನೆಯ ಹಿಂದೆ ಅವರ ಕಸುಬಿನ ಅಳಿವು ಉಳಿವು ಇದೆ. ಅದನ್ನು ಮುಂದೆ ಹೇಳುತ್ತೇನೆ.

ಒಳಗೆ ಸಾಲಾಗಿ ಇಟ್ಟಿಗೆಯ ಒಲೆಗಳು. ಒಂದೊಂದರ ಮೇಲೂ ನಮ್ಮ ಬಚ್ಚಲಿನ ಹಂಡೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದಂಥ ತಾಮ್ರದ ಪಾತ್ರೆ, ಅದಕ್ಕೆ ದೇಗ್ ಎನ್ನುತ್ತಾರೆ. ಸುಮಾರು ಒಂದು ಕ್ವಿಂಟಲ್ ಹೂವು ಸುರಿದು, ನೀರು ಹೊಯ್ದು, ಮುಚ್ಚಳ ಇಟ್ಟು, ಹತ್ತಿ ಕಲಸಿದ ಜೇಡಿಮಣ್ಣಿನಿಂದ ಸಂದು ಮೆತ್ತುತ್ತಾರೆ. ಮುಚ್ಚಳದಿಂದ ಹಗ್ಗ ಸುತ್ತಿದ ಬಿದಿರಿನ ಕೊಳವೆ ಇಳಿಜಾರಾಗಿ ಬಂದು ಭಪ್ಕಾ ಎಂಬ ಉದ್ದ ಕತ್ತಿನ ತಾಮ್ರದ ಹೂಜಿಯ ಬಾಯಿಗೆ ಸೇರುತ್ತದೆ. ಹೂಜಿ ನೀರಿನ ತೊಟ್ಟಿಯಲ್ಲಿ ಮುಳುಗಿದೆ, ಅದರೊಳಗೆ ಮೊದಲೇ ಐದು ಕಿಲೋದಷ್ಟು ಗಂಧದೆಣ್ಣೆ ಹಾಕಿರುತ್ತಾರೆ. ಕೆಳಗೆ ಸೌದೆ, ಬೆರಣಿಯ ಉರಿ. ಹೂವಿನ ಹಬೆ ಬಿದಿರಿನೊಳಗಿಂದ ಇಳಿದು ತಣ್ಣಗಾಗಿ ಎಣ್ಣೆಯಲ್ಲಿ ಸೇರುತ್ತದೆ. ಇಷ್ಟೇ ಯಂತ್ರ.

ಮೀಟರ್ ಇಲ್ಲ, ಥರ್ಮಾಮೀಟರ್ ಇಲ್ಲ. ಕೆಲಸದವರೊಬ್ಬರು ಆಗಾಗ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ ನೀರಡಿಯಲ್ಲೇ ಹೂಜಿಯ ಹೊಟ್ಟೆಯನ್ನು ಸವರುತ್ತಾರೆ. ಎಲ್ಲಿಯವರೆಗೆ ಬಿಸಿ ಏರಿದೆ ಎನ್ನುವುದರಿಂದ ಒಳಗೆ ಎಷ್ಟು ತುಂಬಿದೆ ಎಂದು ಅವರಿಗೆ ತಿಳಿಯುತ್ತದೆ. ನಂತರ ದೇಗ್‌ನ ಮೇಲೆ ಒದ್ದೆ ಬಟ್ಟೆ ಹಾಕಿ ಹಬೆಯನ್ನು ತಡೆದು, ಹೂಜಿ ಬದಲಿಸಿ, ಉರಿಯ ಎರಡು ಕೊಳ್ಳಿಗಳನ್ನು ಹೊರಗೆಳೆದರು. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಮೂರು ಜನರ ಕೈ ಒಟ್ಟಿಗೆ ಕೆಲಸ ಮಾಡಿತು. ಮರುದಿನ ಎಣ್ಣೆಯಿಂದ ನೀರನ್ನು ಬೇರ್ಪಡಿಸುತ್ತಾರೆ, ಆ ನೀರು ಮತ್ತೆ ಹೊಸ ಹೂವಿನ ಜೊತೆ ದೇಗ್‌ಗೆ ಹೋಗುತ್ತದೆ, ಎಣ್ಣೆ ಅದೇ ಹೂಜಿಯಲ್ಲಿ ಇನ್ನೊಂದು ದಿನದ ಹೂವಿನ ಕಂಪಿಗೆ ಕಾಯುತ್ತದೆ. ಹೀಗೆ ಹತ್ತು ಹದಿನೈದು ದಿನ, ಎಣ್ಣೆಗೆ ಸಾಕೆನಿಸುವವರೆಗೆ. ಹಿಂದೆ ನೀರಿನಂಶ ಹೋಗಲೆಂದು ಅತ್ತರನ್ನು ಕುಪ್ಪಿ ಎಂಬ ಒಂಟೆಚರ್ಮದ ಬುದ್ದಲಿಯಲ್ಲಿ ತುಂಬಿ ಬಿಸಿಲಿಗೆ ಇಡುತ್ತಿದ್ದರು. ಈಗಲೂ ಕೆಲವು ಮನೆಗಳಲ್ಲಿ ನೋಡಲು ಸಿಗುತ್ತದೆ.

ಗುಲಾಬಿಗಿಂತಲೂ ಕೇಳಿ ನೋಡಬೇಕಾದದ್ದು ಮಿಟ್ಟಿ ಅತ್ತರು. ಸುಟ್ಟ ಜೇಡಿಮಣ್ಣಿನ ಬಿಲ್ಲೆ, ಕುಡಿಕೆ ಚೂರುಗಳನ್ನು ದೇಗ್‌ನಲ್ಲಿ ತುಂಬಿ ಇದೇ ಕ್ರಮದಲ್ಲಿ ಹಬೆ ಇಳಿಸುತ್ತಾರೆ. ಮೊದಲ ಮಳೆಗೆ ಕಾದ ನೆಲದಿಂದ ಏಳುವ ವಾಸನೆ ಎಣ್ಣೆಯಲ್ಲಿ ಹಿಡಿದು ಕೂರುತ್ತದೆ. ಬಯಲುಸೀಮೆಯಲ್ಲಿ ಬೆಳೆದವರು ಯಾರೇ ಆಗಲಿ, ಅದನ್ನು ಮೂಸಿದರೆ ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಸಾಮ್ರಾಜ್ಯಗಳೆಲ್ಲ ಯಾವ ಮಣ್ಣಾಗಿ ಹೋದವೋ ಆ ಮಣ್ಣನ್ನೇ ಈ ಊರು ಬಟ್ಟಿ ಇಳಿಸಿ ಬದುಕುತ್ತಿದೆ ಎನ್ನುವುದು ನನಗೆ ಕನೌಜ್‌ನಲ್ಲಿ ಸಿಕ್ಕ ಅತಿ ದೊಡ್ಡ ಸಂಗತಿ. ಇದಲ್ಲದೆ ಲಾವಂಚದ ಖಸ್, ಗೋರಂಟಿಯ ಹಿನಾ, ಹತ್ತಾರು ಬೇರು ಮಸಾಲೆ ಸೇರಿದ ಶಮಾಮಾ, ಒಡಿಶಾದ ಗಂಜಾಂನಿಂದ ಬರುವ ಕೇದಗೆ, ಇವೆಲ್ಲ ಇವೆ.

ಸುಗಂಧ ನಮಗೂ ಹೊಸತಲ್ಲ. ಹನ್ನೊಂದನೆಯ ಶತಮಾನದ ಕನ್ನಡ ಗ್ರಂಥ ಲೋಕೋಪಕಾರದಲ್ಲಿ, ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಪರಿಮಳ ದ್ರವ್ಯ ಮಾಡುವ ಬಗೆಗಳಿವೆ. ಆದರೆ ನಮ್ಮಲ್ಲಿ ಅದು ಪುಸ್ತಕದಲ್ಲಿ ಉಳಿಯಿತು, ಇಲ್ಲಿ ಓಣಿಯಲ್ಲಿ ಉಳಿಯಿತು.

ಕೊಳ್ಳುವವರಿಗೆ ಕೆಲವು ಮಾತು. ಒಂದು ಕಿಲೋ ಶುದ್ಧ ಗುಲಾಬಿ ಎಣ್ಣೆಗೆ ಮೂರರಿಂದ ಐದು ಟನ್ ಹೂವು ಬೇಕು, ಬೆಲೆ ಹಲವು ಲಕ್ಷ. ಇದು ಗೊತ್ತಿದ್ದರೆ ಇನ್ನೂರು ರೂಪಾಯಿಯ ಸೀಸೆಯಲ್ಲಿ ಏನಿರಬಹುದೆಂದು ಯಾರೂ ಹೇಳಬೇಕಿಲ್ಲ. ರೂಹ್ ಎಂದರೆ ಬೇರೇನೂ ಬೆರೆಸದ ಹೂವಿನ ಸಾರ, ಅತ್ತರು ಎಂದರೆ ಗಂಧದೆಣ್ಣೆಗೆ ಇಳಿಸಿದ್ದು. ಗಂಧದೆಣ್ಣೆ ದುಬಾರಿಯಾದಂತೆ ಬಹಳಷ್ಟು ಕಡೆ ಲಿಕ್ವಿಡ್ ಪ್ಯಾರಾಫಿನ್‌ನಂಥ ಅಗ್ಗದ ಎಣ್ಣೆಗಳು ಬಂದಿವೆ. ಟಿಪ್ಪುವಿನ ಕಾಲದಿಂದ ನಮ್ಮಲ್ಲಿ ಗಂಧದ ಮರ ಸರ್ಕಾರದ ಸ್ವತ್ತಾಗಿತ್ತು, ರೈತನಿಗೆ ತನ್ನ ಹೊಲದ ಮರದ ಮೇಲೆ ಹಕ್ಕಿರಲಿಲ್ಲ. ಹೀಗಾಗಿ ಬೆಳೆಸುವವರಿಲ್ಲ, ಕದಿಯುವವರು ಬಹಳ. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ ಮರದ ಹಕ್ಕನ್ನು ನೆಲದ ಒಡೆಯನಿಗೆ ಕೊಟ್ಟಿತು. ಮರ ಬಲಿಯಲು ವರ್ಷಗಳು ಬೇಕು. ನಮ್ಮ ಕಾಡಿನಲ್ಲಿ ಗಂಧ ತೀರಿದ್ದಕ್ಕೆ ಎರಡು ಸಾವಿರ ಕಿಲೋಮೀಟರ್ ಆಚೆಯ ಈ ಒಲೆಗಳು ಬೆಲೆ ತೆತ್ತಿವೆ. ಆ ಹಿರಿಯರ ಪ್ರಶ್ನೆ ಇಲ್ಲಿಂದ ಬಂದದ್ದು.

ಆದ್ದರಿಂದ ಅಂಗಡಿಯಲ್ಲಿ ನೇರವಾಗಿ ಕೇಳಿ: ಇದರ ತಳದ ಎಣ್ಣೆ ಗಂಧದ್ದೋ ಬೇರೆಯದೋ? ಪ್ರಾಮಾಣಿಕರು ಎರಡು ಬಗೆಯನ್ನೂ ಮುಂದಿಟ್ಟು ಎರಡರ ಬೆಲೆಯನ್ನೂ ಹೇಳುತ್ತಾರೆ. ಬೇರೆ ಎಣ್ಣೆಯದು ಕೆಟ್ಟದ್ದೆಂದಲ್ಲ, ಗೊತ್ತಿದ್ದು ಕೊಳ್ಳಬೇಕು ಅಷ್ಟೇ. ಮಣಿಕಟ್ಟಿಗೆ ಹಚ್ಚಿಸಿಕೊಂಡು ಹೊರಗೆ ಬಂದು ಒಂದು ಸುತ್ತು ಹಾಕಿ. ಅರ್ಧ ಗಂಟೆ ಕಳೆದ ಮೇಲೂ ಮೈಯ ಬಿಸಿಗೆ ಕಂಪು ಬಿಚ್ಚಿಕೊಳ್ಳುತ್ತಿದ್ದರೆ ಆಮೇಲೆ ಮಾತು. ಒಂದೇ ಸಲಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಮೂಸಬೇಡಿ, ಮೂಗು ಸೋಲುತ್ತದೆ. ಸಣ್ಣ ಸೀಸೆಗಳಲ್ಲಿ ಕೊಂಡು, ಮುಚ್ಚಳಕ್ಕೆ ಟೇಪ್ ಸುತ್ತಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಚೆಕ್-ಇನ್ ಬ್ಯಾಗಿನ ಬಟ್ಟೆಗಳ ನಡುವೆ ಇಡಿ. ಕಸುಬನ್ನು ಆಳವಾಗಿ ತಿಳಿಯಬೇಕೆನ್ನುವವರಿಗೆ 1991ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸುಗಂಧ ಮತ್ತು ಸುವಾಸನೆ ಅಭಿವೃದ್ಧಿ ಕೇಂದ್ರ ಇಲ್ಲೇ ಇದೆ. ತರಬೇತಿ, ಪರೀಕ್ಷೆ ಎರಡೂ ಅಲ್ಲಿ ನಡೆಯುತ್ತವೆ. ಮೊದಲೇ ಬರೆದು ಕೇಳಿಕೊಂಡು ಹೋಗಿ.

ಊಟಕ್ಕೆ ತೊಂದರೆಯಿಲ್ಲ. ಬೆಳಗ್ಗೆ ಬಿಸಿ ಕಚೋರಿ, ಆಲೂ ಸಬ್ಜಿ, ಜಿಲೇಬಿ. ಜನ ಹೆಚ್ಚಿರುವ ಅಂಗಡಿಗೇ ಹೋಗಿ. ಈ ಊರಿನ ಸಿಹಿಯಾದ ಗಟ್ಟಾ ಮತ್ತು ಗುಲ್ಕನ್ ಮನೆಗೆ ಕೊಂಡೊಯ್ಯಲು ಚೆನ್ನ. ಕುಡಿಯುವ ನೀರು ಮಾತ್ರ ಸೀಲ್ ಇರುವ ಬಾಟಲಿಯದೇ ಇರಲಿ. ಹಿಂದಿ ಬಾರದಿದ್ದರೆ ನಾಲ್ಕು ಮಾತು ಕಲಿತು ಹೋಗಿ, ಇಂಗ್ಲಿಷ್ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಗಂಗೆಯನ್ನು ಹುಡುಕಿಕೊಂಡು ಹೋಗಬೇಕು. ಹ್ಯೂಯೆನ್ ತ್ಸಾಂಗ್ ಕಂಡ ನಗರ ಗಂಗೆಯ ಅಂಚಿನಲ್ಲಿತ್ತು. ಹೊಳೆ ಪಾತ್ರ ಬದಲಿಸಿ ಈಗ ಊರಿನಿಂದ ಕೆಲವು ಕಿಲೋಮೀಟರ್ ದೂರ ಸರಿದಿದೆ. ಮೆಹಂದಿ ಘಾಟ್‌ಗೆ ಆಟೋ ಸಿಗುತ್ತದೆ. ಕಾಶಿಯ ಮೆಟ್ಟಿಲುಗಳನ್ನು ನಿರೀಕ್ಷಿಸಬೇಡಿ. ಮರಳು, ದೋಣಿ, ಸ್ನಾನಕ್ಕೆ ಬಂದವರು, ಒಂದು ಪಕ್ಕದಲ್ಲಿ ಚಿತೆ. ನೀರಿಗಿಳಿಯುವವರು ದಂಡೆಯ ಹತ್ತಿರವೇ ಇರಿ, ಮರಳಿನಡಿ ದಿಢೀರನೆ ಆಳವಾಗುತ್ತದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಎರಡು ದಾರಿಗಳಿವೆ. ಹಕ್ಕಿ ನೋಡುವ ಹವ್ಯಾಸವಿದ್ದವರು ಇದೇ ಜಿಲ್ಲೆಯ ಲಾಖ್ ಬಹೋಸಿ ಪಕ್ಷಿಧಾಮಕ್ಕೆ ಹೋಗಲಿ. ಅದಕ್ಕೆ ನವೆಂಬರ್‌ನಿಂದ ಫೆಬ್ರವರಿಯೇ ಒಳ್ಳೆಯ ಕಾಲ, ಗುಲಾಬಿಯನ್ನೂ ಹಕ್ಕಿಯನ್ನೂ ಒಟ್ಟಿಗೆ ಬಯಸುವವರು ಫೆಬ್ರವರಿ ಕೊನೆಯ ವಾರ ಹಿಡಿಯಬೇಕು. ಇತಿಹಾಸದ ಹುಚ್ಚಿರುವವರು ಫರೂಖಾಬಾದ್ ಜಿಲ್ಲೆಯ ಸಂಕಿಸಾಕ್ಕೆ ಹೋಗಲಿ. ಬುದ್ಧ ಸ್ವರ್ಗದಿಂದ ಇಳಿದು ಬಂದ ಜಾಗವೆಂದು ಬೌದ್ಧರು ಪೂಜಿಸುವ ಸ್ಥಳ, ಅಶೋಕನ ಆನೆಯ ಬೋದಿಗೆ ಅಲ್ಲಿದೆ. ಫಾಹಿಯಾನ್ ಕನೌಜ್‌ಗೆ ಬಂದದ್ದು ಅಲ್ಲಿಂದಲೇ. ಸಾರ್ವಜನಿಕ ಸಾರಿಗೆ ನಂಬಿಕೊಂಡರೆ ದಿನ ಹಾಳಾಗುತ್ತದೆ. ಕನೌಜ್‌ನಲ್ಲೇ ಇಡೀ ದಿನಕ್ಕೆ ಕಾರು ಮಾತಾಡಿಕೊಂಡು, ಬೆಳಗ್ಗೆ ಬೇಗ ಹೊರಟು, ಕತ್ತಲಾಗುವ ಮೊದಲು ಹಿಂತಿರುಗಿ.